ನಾಲ್ಕನೆಯ ನಟ್ಟು

ಕನ್ನಡ ಪಾಠ ಹೇಳುವವನ ಕೈಗೆ ಕಾರು ಸಿಕ್ಕುವುದೇ ಒಂದು ವಿನೋದ. ಅದು ಕೆಟ್ಟು ನಿಂತರಂತೂ ಕೇಳುವುದೇ ಬೇಡ. ನನ್ನದು ಹಳೆಯ ಮಾರುತಿ 800. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಆ ವಂಶದ ಕೊನೆಗಾಲದ ಕುಡಿ. ಕಳೆದ ಬೇಸಗೆಯ ಒಂದು ಶನಿವಾರ ಸಂಜೆ, ರಾಯಚರ್ಲುವಿನ ಮನೆಯ ಮುಂದೆ, ಅದರ ಹಿಂದಿನ ಚಕ್ರವೊಂದು ಗಾಳಿ ಬಿಟ್ಟು ಕುಳಿತಿತು. ಸೋಮವಾರ ಬೆಳಗ್ಗೆ ನಾನು ಪರೀಕ್ಷಾ ಕೊಠಡಿಯಲ್ಲಿರಬೇಕು. ಪೇಟೆಯ ಮೆಕ್ಯಾನಿಕ್ಕು ಯಾರದೋ ಮದುವೆಗೆ ಹೋಗಿದ್ದ.

ಸ್ಟೆಪ್ನಿ ಇತ್ತು, ಜ್ಯಾಕು ಇತ್ತು. ಕಾರನ್ನೆತ್ತಿ ಕುಳಿತೆ. ನಾಲ್ಕು ನಟ್ಟುಗಳಲ್ಲಿ ಮೂರು ಗೊಣಗುತ್ತಲೇ ಸಡಿಲವಾದವು. ನಾಲ್ಕನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಆ ಉಬ್ಬು ಸುರುಳಿಗಳ ಸಂದಿನಲ್ಲಿ ತುಂಬಿ ನಟ್ಟನ್ನೂ ಬೋಲ್ಟನ್ನೂ ಒಂದೇ ಜೀವ ಮಾಡಿಬಿಡುತ್ತದೆ. ಸೀಮೆಎಣ್ಣೆಗೆ ಹೊಂಗೆ ಎಣ್ಣೆ ಬೆರೆಸಿ, ಹಳೆಯ ಪಂಚೆಯ ಚೂರನ್ನು ಅದ್ದಿ, ನಟ್ಟಿಗೆ ಸುತ್ತಿ ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಪಾನದ ಮೇಲೆ ಹತ್ತಿಯೇ ನಿಂತೆ. ಪಾನ ಜಾರಿತು, ನಾನು ಬಿದ್ದೆ, ನಟ್ಟಿನ ಒಂದು ಮೂಲೆ ಸವೆಯಿತು. ಆರು ಮೂಲೆಯೂ ಸವೆದರೆ ಆಮೇಲೆ ಬ್ರಹ್ಮನಿಗೂ ಹಿಡಿತ ಸಿಕ್ಕದು.

ಬೇಕಾದದ್ದು ಉದ್ದನೆಯ ಹಿಡಿ. ಏತ ತುಳಿದವರ ಮೊಮ್ಮಗನಿಗೆ ಇಷ್ಟು ತಿಳಿಯದೆ? ಒಂದಡಿಯ ಪಾನದ ತುದಿಯಲ್ಲಿ 40 ಕಿಲೋ ಭಾರ ಮಾಡುವ ಕೆಲಸವನ್ನು ನಾಲ್ಕಡಿಯ ತುದಿಯಲ್ಲಿ 10 ಕಿಲೋ ಮಾಡುತ್ತದೆ. ಪಾನಕ್ಕೆ ತೊಡಿಸುವಂಥ ಪೈಪಿನ ತುಂಡು ಎಲ್ಲಿದೆ ಎಂಬುದೂ ನನಗೆ ಗೊತ್ತಿತ್ತು: ಪಕ್ಕದ ಮನೆಯ ಹಿತ್ತಿಲಲ್ಲಿ. ಪಕ್ಕದ ಮನೆ ಅಣ್ಣನದು.

ಪಾಲಾದಾಗ ಕೊಳವೆಬಾವಿ ಅವನ ಹೊಲಕ್ಕೆ ಹೋಯಿತು. ನೀರಿನ ಸರದಿಯ ವಿಷಯಕ್ಕೆ ನಾನು ಆಡಿದ ಒಂದು ಮಾತು (ಅದನ್ನು ಇಲ್ಲಿ ಬರೆಯಲಾರೆ) ಆರು ವರ್ಷದ ಮೌನಕ್ಕೆ ಸಾಕಾಯಿತು. ಆಮೇಲೆ ಬಾವಿಯೂ ಬತ್ತಿತು. ಮೇಲೆಳೆದ ಪೈಪುಗಳು ಹಿತ್ತಿಲಲ್ಲಿ ಬಿದ್ದಿದ್ದವು. ನಟ್ಟನ್ನೊಮ್ಮೆ, ಅವನ ಬಾಗಿಲನ್ನೊಮ್ಮೆ ನೋಡುತ್ತ ಎರಡು ಸಲ ಕಾಫಿ ಕುಡಿದೆ. ಕೊನೆಗೆ ಹೋಗಿ ನಿಂತು, "ಒಂದು ಪೈಪ್ ಬೇಕಿತ್ತು" ಎಂದೆ. "ಅಣ್ಣಾ" ಎಂಬುದು ಸ್ವಲ್ಪ ತಡೆದು ಬಂತು.

ಅವನೇ ಹೊತ್ತು ತಂದ. ಕಾರನ್ನು ನೋಡಿ, "ಎತ್ತಿಟ್ಟುಕೊಂಡು ತಿರುಗಿಸ್ತಾರಾ ಮೇಷ್ಟ್ರೇ? ಮೊದಲು ಇಳಿಸಿ" ಎಂದ. ವ್ಯಾಕರಣ ಕಲಿಸುವವನಿಗೆ ಆ ಬಹುವಚನ ಚೆನ್ನಾಗಿಯೇ ನಾಟಿತು. ಸಡಿಲವಾಗಿದ್ದ ಮೂರನ್ನೂ ಮತ್ತೆ ಬಿಗಿದು ಚಕ್ರವನ್ನು ನೆಲಕ್ಕೂರಿಸಿದೆ. ಅವನು ಹಿಮ್ಮಡಿಯಿಂದ ಪಾನವನ್ನು ನಟ್ಟಿಗೆ ಒತ್ತಿ ಹಿಡಿದ. ಒಬ್ಬನೇ ಮಾಡುವಾಗ ಜಾರಿದ್ದು ಅದಕ್ಕೇ. ನಾನು ಪೈಪಿನ ತುದಿ ಹಿಡಿದೆ.

"ಎಗರಬೇಡಿ, ಬೋಲ್ಟು ಮುರಿದೀತು. ಸುಮ್ಮನೆ ಭಾರ ಬಿಡಿ."

ಬಿಟ್ಟೆ. ಏನೂ ಆಗಲಿಲ್ಲ. ಇನ್ನಷ್ಟು ಬಿಟ್ಟೆ. ಒಳಗೆಲ್ಲೋ ಕಿರ್ರೆಂದಿತು.

"ಬಂತು ಕಣೋ! ಬಿಡು, ಬಿಡು, ಮೆಲ್ಲಗೆ!"

ಸ್ಟೆಪ್ನಿ ಹಾಕಿ ಮುಗಿಸಿದ ಮೇಲೆ ಪೈಪನ್ನು ಹಿಂದಕ್ಕೆ ಕೊಡಹೋದೆ. "ನಿನ್ನ ಹತ್ರಾನೇ ಇರಲಿ. ಬಿಗಿ ಮಾಡೋವಾಗ ಮಾತ್ರ ಹಾಕಬೇಡ" ಎಂದು ಕೈ ಒರಸಿಕೊಳ್ಳುತ್ತ ಒಳಗೆ ಹೋದ. ನಮ್ಮ ಮನೆಯ ಒಳಗೆ. ಕಾಫಿ ಇನ್ನೂ ಇತ್ತು.