ಗೀಸರಿಗೊಂದು ಹಬ್ಬವಿಲ್ಲ

ಗೀಸರ್ ಕೆಟ್ಟ ಮನೆಯಲ್ಲಿ ಮೊದಲು ಏಳುವ ಉದ್ಗಾರ, ‘ಕೆಡ್ಲಿಕ್ಕೆ ಇವತ್ತೇ ಆಗ್ಬೇಕಿತ್ತಾ!’ ಕಾಪುವಿನ ಕಡೆ ಇದು ಹೆಚ್ಚಾಗಿ ಕೇಳುವುದು ಧನುರ್ಮಾಸದಲ್ಲಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ. ನೀರು ಹೆಪ್ಪುಗಟ್ಟುವ ಚಳಿ ಈ ಕರಾವಳಿಗೆ ಗೊತ್ತೇ ಇಲ್ಲ. ಜನವರಿಯ ಬೆಳಗಿನಲ್ಲೂ ಉಷ್ಣಾಂಶ ಇಪ್ಪತ್ತರ ಆಸುಪಾಸಿನಲ್ಲೇ ಇರುತ್ತದೆ. ಆದರೆ ಮೂರು ದಿನದಿಂದ ಬಿಡದೆ ಹೊಯ್ಯುವ ಮಳೆ, ಒಣಗದ ಬಟ್ಟೆ, ಕಡಲ ಕಡೆಯಿಂದ ನುಗ್ಗುವ ಗಾಳಿ ಸೇರಿದರೆ ಮೈಗೆ ಹತ್ತುವ ಚಳಿಯನ್ನು ಥರ್ಮಾಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದು ನಾಡದೋಣಿಯವರು ಮಾತ್ರ ಕಡಲಿಗಿಳಿಯುವ ಕಾಲವದು. ನೆನೆದು ಬಂದವರಿಗೆ, ಬಾಣಂತಿಗೆ, ಎಂಬತ್ತು ದಾಟಿದ ಅಜ್ಜನಿಗೆ ಬಿಸಿನೀರು ಶೋಕಿಯಲ್ಲ. ಅಂಥ ದಿನವೇ ನಲ್ಲಿಯಿಂದ ತಣ್ಣೀರು ಬಂದರೆ ಮನೆಮಂದಿ ಗ್ರಹಚಾರವನ್ನು ದೂರುತ್ತಾರೆ. ಗ್ರಹಚಾರದ ಮೇಲೆ ಇದೊಂದು ಸುಳ್ಳು ಆಪಾದನೆ ಎಂದೇ ನನ್ನ ವಾದ. ಬಿಸಿನೀರು ಬೇಕೆನಿಸುವ ಹಾಗೆ ಮಾಡುವುದೂ ಅದನ್ನು ತಪ್ಪಿಸುವುದೂ ಒಂದೇ ಹವಾಮಾನ.

ಒಂದೊಂದಾಗಿ ನೋಡಬಹುದು. ತಾರಸಿಯ ಮೇಲಿನ ಸೋಲಾರ್ ವರ್ಷದಲ್ಲಿ ಎಂಟು ತಿಂಗಳು ಧಾರಾಳಿ. ಮೇ ತಿಂಗಳಲ್ಲಂತೂ ಯಾರೂ ಕೇಳದಿದ್ದರೂ ಕುದಿನೀರು ಕೊಡುತ್ತದೆ. ಮೋಡ ಕವಿದ ಜುಲೈಯಲ್ಲಿ ಅದು ಬರೇ ನೀರಿನ ಟ್ಯಾಂಕಿ. ಮೋಡವಿದ್ದರೆ ತಾನೇ ಚಳಿ, ಮೋಡವಿದ್ದರೆ ತಾನೇ ಸೋಲಾರ್ ಸುಮ್ಮನಾಗುವುದು? ಕರೆಂಟಿನ ಕತೆಯೂ ಅಷ್ಟೆ. ಗಾಳಿಮಳೆಗೆ ಹಲಸಿನ ಕೊಂಬೆಯೋ ತೆಂಗಿನ ಮಡಲೋ ತಂತಿಯ ಮೇಲೆ ಬಿದ್ದರೆ ಇಡೀ ಊರಿನ ಗೀಸರುಗಳು ಒಟ್ಟಿಗೆ ತಣ್ಣಗಾಗುತ್ತವೆ. ಸಿಡಿಲು ಹೊಡೆದಾಗ ಸುಡುವ ವಯರಿಂಗು, ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ವಿಚ್ಚು ಇವೂ ಅದೇ ಲೆಕ್ಕಕ್ಕೆ ಬರುತ್ತವೆ. ರಿಪೇರಿಯವನನ್ನು ಕರೆದರೆ ಅವನ ಫೋನು ಬ್ಯುಸಿ, ಏಕೆಂದರೆ ಅದೇ ಮಳೆ ಅವನಿಗೆ ಬೇರೆ ಹತ್ತು ಮನೆಗಳಿಂದಲೂ ಕರೆ ತಂದಿದೆ. ಇದರಲ್ಲಿ ಕಾಕತಾಳೀಯ ಯಾವುದೂ ಇಲ್ಲ.

ಕಡಲಾಚೆಯ ಉದಾಹರಣೆ ಇನ್ನೂ ಸ್ಪಷ್ಟ. 1953ರಲ್ಲಿ ಶುರುವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೋದ ವೈದ್ಯರಿಗೆ ಇದು ಗೊತ್ತಿರುವ ಸಂಗತಿ. ಅಲ್ಲಿ ಮನೆ ಬೆಚ್ಚಗಿಡುವುದೂ ಸ್ನಾನಕ್ಕೆ ನೀರು ಕಾಯಿಸುವುದೂ ಹೆಚ್ಚಾಗಿ ಒಂದೇ ಬಾಯ್ಲರಿನ ಕೆಲಸ. 2005ರಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರು, ಕೆಲವು ವಿನಾಯಿತಿ ಬಿಟ್ಟರೆ, ಹೊಗೆಯ ಶಾಖವನ್ನೂ ಹಿಡಿದಿಡುವ ಜಾತಿಯದೇ ಆಗಬೇಕೆಂಬ ನಿಯಮ ಬಂತು. ಇಂಧನ ಉಳಿಯಿತು, ನಿಜ. ಆದರೆ ತಣಿದ ಹೊಗೆಯಿಂದ ಇಳಿಯುವ ನೀರು ಪ್ಲಾಸ್ಟಿಕ್ ಕೊಳವೆಯೊಂದರಿಂದ ಹೊರಗೆ ಹೋಗಬೇಕು. ಆ ಕೊಳವೆ ಗೋಡೆಯಾಚೆ ಇದ್ದರೆ, ಸೊನ್ನೆಗಿಂತ ಕೆಳಗಿಳಿದ ರಾತ್ರಿ ಒಳಗಿನ ಹನಿ ಮಂಜುಗಡ್ಡೆಯಾಗಿ ಬಾಯಿ ಕಟ್ಟುತ್ತದೆ. ಬಾಯ್ಲರು ಸುರಕ್ಷತೆಗಾಗಿ ತಾನೇ ನಿಂತುಬಿಡುತ್ತದೆ. ಮದ್ದೇನು? ಕೆಟಲಿನಲ್ಲಿ ನೀರು ಕಾಯಿಸಿ, ಸ್ವಲ್ಪ ಆರಿಸಿ, ಹೊರಗೆ ಹೋಗಿ ಕೊಳವೆಯ ಮೇಲೆ ಹೊಯ್ಯುವುದು. ಬಿಸಿನೀರಿನ ಯಂತ್ರವನ್ನು ಎಬ್ಬಿಸಲು ಬೇರೆ ಎಲ್ಲಿಂದಲಾದರೂ ಬಿಸಿನೀರು ತರಬೇಕು! ನಗು ಬಂದರೂ ಇದರಲ್ಲೊಂದು ಪಾಠವಿದೆ. ಮನೆಗೆ ಎರಡನೆಯ ದಾರಿಯೊಂದು ಬೇಕು, ಅದೂ ಮೊದಲನೆಯದು ಕೆಟ್ಟ ಕಾರಣಕ್ಕೇ ಕೆಡದಂಥದು. ಸೋಲಾರಿಗೆ ಗೀಸರು ಜೋಡಿಯಾಗಿರುವುದು ಅರ್ಧ ಉತ್ತರ ಮಾತ್ರ. ಮೋಡ ತಂದ ಗಾಳಿಯೇ ತಂತಿಯನ್ನೂ ಕಡಿಯುತ್ತದೆ.

ಹಳೆಯ ಮನೆಗಳ ಬಚ್ಚಲಲ್ಲಿ ಈ ಎರಡನೆಯ ದಾರಿ ಮೊದಲನೆಯದೇ ಆಗಿತ್ತು: ಮಣ್ಣಿನ ಒಲೆ, ಅದರಲ್ಲಿ ಕೂತ ತಾಮ್ರದ ಹಂಡೆ, ಉರಿಗೆ ಒಣ ಮಡಲು, ಕೊತ್ತಳಿಗೆ, ಗೆರಟೆ, ಸಿಪ್ಪೆ. ಹಿತ್ತಲ ತೆಂಗು ತಾನಾಗಿ ಉದುರಿಸಿದ್ದೇ ಇಂಧನ. ಗೀಸರಿನ ದಾರಿ ಇದಕ್ಕಿಂತ ಬಹಳ ಉದ್ದ. ಕಾಪು ತಾಲೂಕಿನ ಅತಿ ದೊಡ್ಡ ಬಾಯ್ಲರುಗಳು ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದಲ್ಲಿವೆ, 600 ಮೆಗಾವ್ಯಾಟಿನ ಎರಡು ಘಟಕ. ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಸುಟ್ಟು ಅಲ್ಲಿ ನೀರು ಕುದಿಸುತ್ತಾರೆ. ಅಂಥ ಸ್ಥಾವರಗಳಲ್ಲಿ ಶಾಖದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಷ್ಟೇ ವಿದ್ಯುತ್ತಾಗುವುದು. ಅದು ತಂತಿಗಳಲ್ಲಿ ಸುತ್ತಿ ಬಚ್ಚಲಿಗೆ ಬಂದು ಮತ್ತೆ ಹದಿನೈದು ಲೀಟರ್ ನೀರು ಕಾಯಿಸುತ್ತದೆ. 2 ಕಿಲೋವ್ಯಾಟಿನ ಗೀಸರು 25 ಡಿಗ್ರಿಯ ನೀರನ್ನು 60ಕ್ಕೇರಿಸಲು ಹದಿನೆಂಟು ಇಪ್ಪತ್ತು ನಿಮಿಷ ಸಾಕು. ಅನುಕೂಲವೇ, ಅಲ್ಲವೆನ್ನುವುದಿಲ್ಲ. ಆದರೆ ನೀರಿನಿಂದ ನೀರಿಗೆ ಬರುವ ಈ ಸುತ್ತುದಾರಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಮನೆಯವರ ಕೈಯಲ್ಲಿ ಏನೂ ಇಲ್ಲ.

‘ಹಾಗಾದರೆ ಮತ್ತೆ ಹೊಗೆ ಕುಡಿಯಬೇಕೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಅದರಲ್ಲೂ ಹೆಂಗಸರು ಕೇಳಿದಾಗ. ಹಂಡೆಯ ಗುಣಗಾನ ಮಾಡುವವರು ಹೆಚ್ಚಾಗಿ ಕಾದ ನೀರನ್ನು ಮೀಯುತ್ತಿದ್ದ ಗಂಡಸರು. ನಸುಕಿನಲ್ಲೆದ್ದು ಬೂದಿ ಬಳಿದು, ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು, ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದ ನೀರಿನಲ್ಲಿ ಮಿಂದವಳ ಹತ್ತಿರ ಕೇಳಿದರೆ ಗೀಸರಿಗೆ ಕೈಮುಗಿದಾಳು. ಆದ್ದರಿಂದ ದಿನನಿತ್ಯದ ಹಂಡೆ ಬೇಕೆಂದು ನಾನು ವಾದಿಸುವುದಿಲ್ಲ. ಮನೆ ಹೊಸದಾಗಿ ಕಟ್ಟುವಾಗ ಹಿತ್ತಲ ಮಾಡಿನಡಿ, ಹೊಗೆ ಹೊರಗೇ ಹೋಗುವಂತೆ, ಒಲೆಯೊಂದನ್ನು ಉಳಿಸಿದರೆ ಸಾಕು. ವರ್ಷಕ್ಕೆ ಹತ್ತು ದಿನ ಉರಿದರೆ ಸಾಕು. ಮಳೆಗೆ ಸೌದೆಯೂ ನೆನೆಯುವುದಿಲ್ಲವೇ ಎಂದರೆ, ನೆನೆಯುತ್ತದೆ. ಅದಕ್ಕಾಗಿಯೇ ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನದೊಳಗೆ ಸೌದೆ ಕೊಟ್ಟಿಗೆ ತುಂಬಿಸುವ ಶಿಸ್ತು ಇದ್ದದ್ದು. ಹಂಡೆಯ ದುರ್ಬಲ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ಕ್ಯಾಲೆಂಡರಿನಲ್ಲಿ ಗಡುವೂ ಇತ್ತು. ಮಣಿಪಾಲದ ಏಳನೇ ಮಹಡಿಯ ಫ್ಲ್ಯಾಟಿನವರಿಗೆ ಒಲೆ ಎಲ್ಲಿಂದ? ಅವರಿಗೆ ಅಡುಗೆಮನೆಯ ಗ್ಯಾಸ್ ಒಲೆಯೂ ಹಿಡಿಯಿರುವ ಗಟ್ಟಿ ಪಾತ್ರೆಯೂ ಉಂಟು. ಕುದಿನೀರನ್ನು ಮಕ್ಕಳ ನಡುವೆ ಬಚ್ಚಲಿಗೆ ಒಯ್ಯುವ ಬದಲು ಮೊದಲು ತಣ್ಣೀರು ಬೆರೆಸಿ ಒಯ್ಯುವ ಜಾಗ್ರತೆ ಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕರೆಂಟು ಹೋದರೆ ಅದೂ ಹೋಯಿತು, ಇದ್ದರೆ ಶಾಕಿನ ಭಯ. ಗಾಳಿಯಾಡದ ಬಚ್ಚಲಿನೊಳಗಿನ ಗ್ಯಾಸ್ ಗೀಸರಂತೂ ಬೇಡವೇ ಬೇಡ; ಅದರ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಹಂಡೆಯಿಂದ ಗೀಸರಿಗೆ ದಾಟುವಾಗ ನಾವು ಕಳೆದುಕೊಂಡದ್ದು ಒಲೆಗಿಂತ ಹೆಚ್ಚಾಗಿ ಒಂದು ತಾರೀಕನ್ನು. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅವತ್ತು ಹಂಡೆಯನ್ನು ಬರಿದು ಮಾಡಿ, ಹುಣಸೆಹುಳಿ ಹಚ್ಚಿ ಒಳಗೆಲ್ಲ ತಿಕ್ಕಿ, ಬಚ್ಚಲು ತೊಳೆದು, ಕಂಠಕ್ಕೆ ಶೇಡಿಯ ಗೆರೆ ಎಳೆದು ಬಳ್ಳಿ ಸುತ್ತುತ್ತಾರೆ. ಭಕ್ತಿಯನ್ನು ಬದಿಗಿಟ್ಟು ನೋಡಿದರೆ ಅದು ವಾರ್ಷಿಕ ಸರ್ವೀಸು. ತಿಕ್ಕುವ ಕೈಗೆ ತಳ ತೆಳುವಾದದ್ದು, ಬೆಸುಗೆ ಬಿಟ್ಟದ್ದು ಸಿಕ್ಕೇ ಸಿಗುತ್ತದೆ. ಗೀಸರಿಗೆ ಕುಂಕುಮ ಹಚ್ಚಿ ಹಬ್ಬ ಮುಗಿಸುವವರಿದ್ದಾರೆ, ಆದರೆ ಅದರ ಒಳಗನ್ನು ಕಂಡವರು ಕಡಿಮೆ. ಟ್ಯಾಂಕಿಗೆ ತುಕ್ಕು ಹಿಡಿಯದಿರಲೆಂದು ಅದರೊಳಗೆ ಮೆಗ್ನೀಸಿಯಮ್ಮಿನ ಸರಳೊಂದಿರುತ್ತದೆ. ನೀರು ಕಬ್ಬಿಣವನ್ನು ತಿನ್ನುವ ಮೊದಲು ಇದನ್ನು ತಿನ್ನುತ್ತದೆ. ಸರಳು ಪೂರಾ ಸವೆದ ಮೇಲೆ ಟ್ಯಾಂಕಿಯ ಸರದಿ. ಕಡಲ ಬದಿಯ ಬಾವಿಗಳು ಬೇಸಗೆಯಲ್ಲಿ ಉಪ್ಪಾಗುವ ಊರಲ್ಲಿ ಆ ಸವೆತ ಇನ್ನೂ ಬೇಗ. ಆಯುಧಪೂಜೆಗೆ ಕಾರು, ಸ್ಕೂಟರು, ಕತ್ತಿ, ಪಿಕ್ಕಾಸು ಎಲ್ಲ ಹೊರಗೆ ಬಂದು ತೊಳೆಸಿಕೊಳ್ಳುತ್ತವೆ. ಆ ದಿನ ಮೇನ್ ಸ್ವಿಚ್ಚು ಆರಿಸಿ, ನೀರು ಖಾಲಿ ಮಾಡಿಸಿ, ತಿಳಿದವರಿಂದ ಆ ಸರಳನ್ನೂ ಒಮ್ಮೆ ಬಿಚ್ಚಿಸಬಹುದು. ಬೆರಳು ಗಾತ್ರದಲ್ಲಿ ಒಳಗೆ ಹೋದದ್ದು ಹಿಡಿಕಡ್ಡಿಯಂತಾಗಿ, ಮೈಯೆಲ್ಲ ಹೊಂಡ ಬಿದ್ದು ಹೊರಗೆ ಬಂದರೆ ಮುಂದಿನ ಆಟಿಗೆ ಇನ್ನೂ ಒಂಬತ್ತು ತಿಂಗಳಿರುತ್ತದೆ.