ಯಡಹಳ್ಳಿಯ ಜಾಡು

ಆಡು ಹಿಕ್ಕೆ ಹಾಕುತ್ತಲೇ ನಡೆಯುತ್ತದೆ, ದಾರಿಯುದ್ದಕ್ಕೂ ಚೆಲ್ಲುತ್ತದೆ. ಚಿಂಕಾರ ಹಾಗಲ್ಲ, ತನ್ನ ಸೀಮೆಯೊಳಗಿನ ಗೊತ್ತಾದ ಜಾಗಕ್ಕೇ ಮತ್ತೆ ಮತ್ತೆ ಬರುತ್ತದೆ. ಬಿಸಿಲಿಗೆ ಬಿಳಿಚಿದ ಹಳೆಯ ರಾಶಿಯ ಮೇಲೆ ಕಪ್ಪಗೆ ಮಿರುಗುವ ಹೊಸ ಹಿಕ್ಕೆ ಕಂಡರೆ ಅವತ್ತು ನನಗೆ ಹಬ್ಬ. ಬಿಡುವಾದಾಗಲೆಲ್ಲ ಬಾಗಲಕೋಟೆಯಿಂದ ಬೀಳಗಿ ಬಸ್ಸು ಹತ್ತುವುದು ಈ ಸುಖಕ್ಕಾಗಿಯೇ.

ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿದ ಯಡಹಳ್ಳಿ ಗುಡ್ಡಗಳು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾದವು. ಸುಮಾರು 96 ಚದರ ಕಿಲೋಮೀಟರು. ‘ಏನೈತ್ರೀ ಅಲ್ಲಿ, ಬರೇ ಕಲ್ಲು, ಜಾಲಿ’ ಅನ್ನುವವರು ಈಗಲೂ ಇದ್ದಾರೆ. ಈ ಸಣ್ಣ ಹುಲ್ಲೆಗೆ ಬೇಕಾದದ್ದೇ ಆ ಕಲ್ಲು, ಆ ಕುರುಚಲು. ನೀರು ಸಿಗದ ದಿನಗಳನ್ನು ಎಲೆಯ ರಸ, ಇಬ್ಬನಿಯಲ್ಲೇ ಕಳೆಯಬಲ್ಲ ಜೀವ ಅದು. ಬಯಲೆಂದರೆ ಪಾಳು ಎಂದು ಬಗೆದು ಅಲ್ಲೆಲ್ಲ ಒತ್ತಾಗಿ ಗಿಡ ನೆಡುವ ಉತ್ಸಾಹ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಜ್ಜೆ ನೋಡಲು ಎಳೆಬಿಸಿಲೇ ಬೇಕು. ಬೆಳಕು ಅಡ್ಡ ಬಿದ್ದಾಗ ಗೊರಸಿನ ಅಂಚು ನೆರಳು ಹಿಡಿಯುತ್ತದೆ. ಎರಡು ಸಪೂರ ಸೀಳು, ಮುಂದೆ ಸೂಜಿಯಷ್ಟು ಚೂಪು. ಆಡಿನದು ಅಗಲ, ಮೊಂಡು. ಮಣ್ಣಿನ ಅಂಚು ಇನ್ನೂ ಉದುರಿಲ್ಲವಾದರೆ ಪ್ರಾಣಿ ಹತ್ತಿರದಲ್ಲೇ ಇದೆ. ಒಮ್ಮೊಮ್ಮೆ ಮುಂಗಾಲು ನೆಲಕ್ಕೆ ಬಡಿದ ಸದ್ದು, ಹಿಂದೆಯೇ ಮೂಗಿನಿಂದ ಸೀನಿದಂಥ ಸದ್ದು. ತಲೆ ಎತ್ತುವುದರೊಳಗೆ ಕಪ್ಪು ಬಾಲ ಪೊದೆಯಾಚೆ. ಕೊಂಬಿನ ಮೇಲೆ ಬಳೆಬಳೆ ಕಂಡರೆ ಗಂಡು. ಹೆಣ್ಣಿಗೂ ಕೊಂಬುಂಟು, ಆದರೆ ಸಣ್ಣದು, ನುಣುಪು.

ಬರೀ ಹೆಜ್ಜೆ ನೋಡುವುದಲ್ಲ, ಕೆಲಸವೂ ಇರುತ್ತದೆ. ಅರಣ್ಯ ಸಿಬ್ಬಂದಿಯ ಜೊತೆ ಹಳ್ಳ, ಬೇಲಿಬುಡ ಸುತ್ತಿ ಉರುಲು ಕೀಳುತ್ತೇವೆ. ಪ್ರಾಣಿ ತಲೆ ತೂರಿಸುವ ಎತ್ತರಕ್ಕೆ ಕಟ್ಟಿದ ತಂತಿ ಬಿಸಿಲಲ್ಲಿ ಕಣ್ಣಿಗೇ ಬೀಳುವುದಿಲ್ಲ, ಕೈಯಾಡಿಸಿಯೇ ಹುಡುಕಬೇಕು. ಉರುಲಿಗಿಂತ ನಾನು ಹೆದರುವುದು ಬಿಡಾಡಿ ನಾಯಿಗಳ ಹಿಂಡಿಗೆ. ಹುಲ್ಲಿನಲ್ಲಿ ಮಿಸುಕದೆ ಮಲಗಿದ ಮರಿ ಕಣ್ಣಿಗೆ ಕಾಣದು, ಆದರೆ ನಾಯಿಯ ಮೂಗಿಗೆ ಸಿಕ್ಕೀತು. ಬೇಟೆನಾಯಿಗೆ ಹೆಸರಾದ ಮುಧೋಳದ ನೆಲದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನನಗೆ ಜಾಡು ಹಿಡಿಯಲು ಕಲಿಸಿದವರು ಕುರಿ ಕಾಯುವವರು. ಅಡವಿಯನ್ನು ಅವರಷ್ಟು ಬಲ್ಲವರಿಲ್ಲ. ಅವರನ್ನು ಹೊರಗಿಟ್ಟು ಚಿಂಕಾರ ಉಳಿಸುತ್ತೇವೆಂದರೆ ಆಗದ ಮಾತು. ಮೊನ್ನೆ ಒಬ್ಬರು, ‘ಹಳ್ಳದ ಆಚಿಗೆ ಮರಿ ಹಾಕೇತ್ರೀ, ನಾಯಿ ಕಟ್ಟೀನಿ’ ಅಂದರು. ಈ ಭಾನುವಾರ ಆ ಹಳ್ಳದ ಆಚೀಚೆ ಉರುಲು ಹುಡುಕಲು ಹೊರಟಿದ್ದೇವೆ.