ಹೋಗಿ ಬಾ ಎನ್ನುವ ಮೊದಲು

ನಮ್ಮ ಕಡೆ ಮನೆ ಬಿಟ್ಟು ಹೊರಡುವವರು 'ಹೋಗ್ತೀನಿ' ಅನ್ನಬಾರದು. 'ಹೋಗಿಬರ್ತೀನಿ' ಅನ್ನಬೇಕು. ಸಾಹುಕಾರನ ಮನೆಗೆ ಜೀತಕ್ಕೆ ಹೊರಟ ನಮ್ಮ ತಾತನೂ ಹಾಗೇ ಹೇಳಿ ಹೋದನಂತೆ. ಕಳೆದ ಡಿಸೆಂಬರಿನಲ್ಲಿ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ತಾಂಜಾನಿಯಾದ ಗೆಳೆಯನಿಗೆ ಈ ಮಾತು ಕಲಿಸುವಾಗ ಮಾತ್ರ ನಮ್ಮ ನಾಲಿಗೆ ತಡವರಿಸಿತು. ಯಾಕೆಂದು ಹೇಳಬೇಕು.

ಅವನು ಯಲಹಂಕದ ಕಾಲೇಜೊಂದರಲ್ಲಿ ಒಂದೇ ಒಂದು ಸೆಮಿಸ್ಟರ್ ಓದಲು ಬಂದವನು. ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಎಲ್ಲ ಕಡೆ 'ಟು-ಲೆಟ್' ಬೋರ್ಡು ನೋಡಿ ಬಾಗಿಲು ತಟ್ಟಿದ. ಮುಖ ಕಂಡ ಕೂಡಲೆ 'ಕೊಟ್ಟಾಯ್ತು' ಅಂದರು. ಬೋರ್ಡು ಮಾತ್ರ ಅಲ್ಲೇ ನೇತಾಡುತ್ತಿತ್ತು. ಕೊನೆಗೆ ನಮ್ಮ ಮೂವರ ರೂಮಿನಲ್ಲಿ ನಾಲ್ಕನೇ ಚಾಪೆ ಹಾಸಿದೆವು. ಓನರು ತಿಂಗಳಿಗೆ ಒಂದು ಸಾವಿರ ಜಾಸ್ತಿ ಮಾಡಿ ಸುಮ್ಮನಾದ.

ಆ ರೂಮು ನಮಗಾದರೂ ಸಿಕ್ಕಿದ್ದು ಹೇಗೆ? 'ನೀವು ಯಾವ ಪೈಕಿ?' ಎಂದಾಗ 'ಗೌಡ್ರು' ಅಂದಿದ್ದೆವು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡೆಗೆ ಬಂದ ಬಾಬಾಸಾಹೇಬರು ತಂಗಲು ಜಾಗ ಸಿಗದೆ ಪಾರ್ಸಿ ಹೆಸರು ಬರೆಸಿದ್ದರು. ಗುಟ್ಟು ಗೊತ್ತಾದಾಗ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ನೂರು ವರ್ಷ ದಾಟಿದರೂ ನಮಗೆ ಅಂಥದೇ ಸುಳ್ಳು ಬೇಕಾಯಿತು. ಜಾತಿ ಮುಚ್ಚಿಡಲು ನಮಗೆ ಒಂದು ಸುಳ್ಳು ಸಾಕಾಯಿತು. ಚರ್ಮ ಮುಚ್ಚಿಡಲು ಅವನ ಹತ್ತಿರ ಯಾವ ಸುಳ್ಳೂ ಇರಲಿಲ್ಲ.

ಒಂದು ಭಾನುವಾರ ನಮ್ಮವ್ವ ಊರಿಂದ ರಾಗಿ ಹಿಟ್ಟು ತಂದು ಮುದ್ದೆ ಕಟ್ಟಿದಳು. ಅವನು ಮುರಿದು, ಸಾರಿಗೆ ಅದ್ದಿ ನುಂಗಿದ. ಮುಸುಕಿನ ಜೋಳದ ಹಿಟ್ಟಿನಲ್ಲಿ ಅವರ ಮನೆಯಲ್ಲೂ ಹೀಗೇ ತೊಳಸುತ್ತಾರಂತೆ, ಉಗಾಲಿ ಅಂತ. ರಾಗಿಗೆ ಅವರು ಉಲೇಜಿ ಅನ್ನುತ್ತಾರಂತೆ. ರಾಗಿಯ ತವರೇ ಪೂರ್ವ ಆಫ್ರಿಕಾ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ತೆಗೆದ 'ಇಂಡಾಫ್' ತಳಿಗಳ ಹೆಸರಿನಲ್ಲೇ ಎರಡು ನೆಲಗಳಿವೆ. ಆ ಕಾಳಿಗೆ ಯಾರೂ 'ಯಾವ ಪೈಕಿ' ಅನ್ನಲಿಲ್ಲ. ಅದನ್ನು ಉಂಡು ಬೆಳೆದ ಊರು ಅದರ ತವರಿನವನಿಗೆ ಬಾಗಿಲು ಹಾಕಿತು.

ಗೆಳೆಯರೇ, ಊರನ್ನಷ್ಟೇ ಬೈದು ಕೈ ತೊಳೆದುಕೊಳ್ಳಲಾರೆವು. ಬೀದಿ ಹುಡುಗರು ಅವನನ್ನು 'ಕರಿಯಾ' ಎಂದು ಕೂಗಿದಾಗ ನಾವೂ ನಕ್ಕಿದ್ದೆವು. ಹಾಗಂದರೇನು ಅಂತ ಅವನು ಕೇಳಿದ. 'ಗೆಳೆಯ ಅಂತ' ಎಂದುಬಿಟ್ಟೆವು. ಕರಿಯ ಅನ್ನೋದು ನಮ್ಮ ತಾತನ ಹೆಸರೂ ಹೌದು. ಊರಿನವರು ಆ ಹೆಸರು ಹೇಗೆ ಕೂಗುತ್ತಿದ್ದರು ಅನ್ನೋದು ನಮಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆವು.

ಆ ನಗು ಎಲ್ಲಿಗೆ ಮುಟ್ಟುತ್ತದೆಂದೂ ಗೊತ್ತಿತ್ತು. 2016ರ ಜನವರಿ 31ರ ರಾತ್ರಿ, ಯಲಹಂಕಕ್ಕೆ ದೂರವಲ್ಲದ ಹೆಸರಘಟ್ಟ ರಸ್ತೆಯ ಕಡೆ, ಸೂಡಾನಿನವನೊಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತಳು. ಆಮೇಲೆ ಅದೇ ದಾರಿಯಲ್ಲಿ ಬಂದ, ಅದಕ್ಕೆ ಏನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು. ಅವಳು ಬಂದ ಕಾರಿಗೆ ಬೆಂಕಿ ಇಟ್ಟಿತು. ಒಬ್ಬನ ತಪ್ಪಿಗೆ ಇಡೀ ಕೇರಿಯನ್ನು ಸುಡುವ ಈ ನ್ಯಾಯ ನಮಗೆ ಹೊಸದೇ? ಅವನು ಅದನ್ನೆಲ್ಲ ತಿಳಿದುಕೊಂಡೇ ಬಂದಿದ್ದ. ಕತ್ತಲಾದ ಮೇಲೆ ಒಬ್ಬನೇ ಹೊರಗೆ ಹೋಗುತ್ತಿರಲಿಲ್ಲ.

ಹೊರಡುವ ದಿನ ಅವ್ವ ಅರ್ಧ ಸೇರು ರಾಗಿ ಹಿಟ್ಟು ಕಟ್ಟಿಕೊಟ್ಟು, 'ಹೋಗಿ ಬತ್ತೀನಿ ಅನ್ನು ಮಗ' ಅಂದಿದ್ದಳು. ಬಸ್ ಸ್ಟಾಪಿನಲ್ಲಿ ಅದನ್ನೇ ಕಲಿಸಿದೆವು. ಅವರ ಸ್ವಾಹಿಲಿಯಲ್ಲೂ ಹಾಗೇ ಅಂತೆ: 'ತುತಾಒನಾನ', ಮತ್ತೆ ನೋಡೋಣ. ಏರ್‌ಪೋರ್ಟಿನ ವಾಯುವಜ್ರ ಬಂದು ನಿಂತಿತು. ಅವನು ನಮ್ಮನ್ನು ತಬ್ಬಿಕೊಂಡು, ನಾವು ಕಲಿಸಿದ್ದನ್ನೆಲ್ಲ ಕೂಡಿಸಿ ಹೇಳಿದ:

'ಹೋಗಿಬರ್ತೀನಿ ಕರಿಯಾ.'

ಬಸ್ಸು ಹೊರಟಿತು. ನಾವು ಕೈ ಎತ್ತಲೂ ಮರೆತು ನಿಂತೆವು.

ರೂಮಿಗೆ ಬಂದಾಗ ಓನರು ಜಗುಲಿಯ ಮೇಲೆ ಕೂತಿದ್ದ. 'ಹೋದ್ನೇನ್ರೋ ಆ ಕರಿಯ?' ಅಂದ.

'ಅವನಿಗೆ ಒಂದು ಹೆಸರಿದೆ ಸಾರ್. ಇನ್ನೊಂದು ಮಾತು, ನಾವು ಗೌಡ್ರಲ್ಲ. ಹೊಲಗೇರಿಯೋರು.'

ಓನರು ತಿಂಗಳ ಗಡುವು ಕೊಟ್ಟಿದ್ದಾನೆ. ಈಗ ನಾವೇ ಬೋರ್ಡು ನೋಡುತ್ತ ಅಲೆಯುತ್ತಿದ್ದೇವೆ. ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತಿದ್ದೇವೆ. ಅವನಿಗೂ ಬರೆದಿದ್ದೇವೆ: ಆ ಮಾತಿಗೆ ಗೆಳೆಯ ಎಂಬ ಅರ್ಥವಿಲ್ಲ, ನಾವು ಸುಳ್ಳು ಹೇಳಿದ್ದೆವು ಎಂದು. ಉತ್ತರ ಇನ್ನೂ ಬಂದಿಲ್ಲ. ಊರಿಗೆ ಹೋದರೆ ಅವ್ವ ಕೇಳುತ್ತಾಳೆ, 'ಆ ಮಗ ಯಾವಾಗ ಬತ್ತಾನಂತೆ?'